ಟೋಪಿ, ಕುಚ್ಚು, ಗುರಾಣಿ: ಕ್ರೈಸ್ತ ಗುರುಗಳ ಲಾಂಛನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಧರ್ಮಕೇಂದ್ರಗಳಿಗೆ ಹಬ್ಬದ ಕರಪತ್ರ, ಗುರುದೀಕ್ಷೆಯ ಆಹ್ವಾನ ಪತ್ರಿಕೆ, ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಮಾಡಿಕೊಡುವುದು ನನ್ನ ಕೆಲಸ. ಧರ್ಮಾಧ್ಯಕ್ಷರ, ಅಂದರೆ ಬಿಷಪ್‌ರ, ಲಾಂಛನ ಹಾಕಬೇಕಾದಾಗಲೆಲ್ಲ ಯಾರಾದರೂ ಏನಾದರೂ ಕೇಳುತ್ತಾರೆ. ಪೂಜೆ ಮುಗಿಸಿ ಬಂದ ಅಜ್ಜಿಯರು, ಯುವಕ ಸಂಘದ ಹುಡುಗರು, ಸುಲ್ತಾನ್‌ಪೇಟೆಯ ಪ್ರೆಸ್‌ಗಳಲ್ಲಿ ಪುಟ ಕಟ್ಟುವ ಗೆಳೆಯರು. ಒಮ್ಮೊಮ್ಮೆ ಫಾದರ್‌ಗಳೇ ಫೋನ್ ಮಾಡಿ ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ಬಿಷಪ್ ಆಫೀಸಿನ ಕಾಗದದ ಮೇಲೆ ಹಸಿರು ಟೋಪಿ, ಅದರಿಂದ ದಾರ ಇಳಿಬಿಟ್ಟಿರುತ್ತಲ್ಲ, ಏನದು?

ಅದು ಆ ಧರ್ಮಾಧ್ಯಕ್ಷರ ಲಾಂಛನ. ನಡುವೆ ಗುರಾಣಿ. ಅದರ ಹಿಂದೆ ನೆಟ್ಟಗೆ ನಿಂತ ಶಿಲುಬೆ. ಮೇಲೆ ಅಗಲ ಅಂಚಿನ ಚಪ್ಪಟೆ ಟೋಪಿ. ಟೋಪಿಯ ಎರಡೂ ಕಡೆ ದಾರ, ದಾರದಲ್ಲಿ ಕುಚ್ಚುಗಳು. ಕೆಳಗೆ ಒಂದು ಪಟ್ಟಿಯಲ್ಲಿ ಧ್ಯೇಯವಾಕ್ಯ. ಕುಚ್ಚು ಅಂದರೆ ಬೇರೇನಲ್ಲ, ಸೀರೆ ಸೆರಗಿಗೆ ಕಟ್ಟಿಸುತ್ತೇವಲ್ಲ, ಅಂಥದ್ದೇ.

ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಟೋಪಿ, ಕುಚ್ಚು, ಶಿಲುಬೆ ಹುದ್ದೆಗೆ ಸೇರಿದ್ದು. ಗುರಾಣಿ ಮನುಷ್ಯನಿಗೆ ಸೇರಿದ್ದು. ಟೋಪಿಯನ್ನು ಯಾರೂ ಇಷ್ಟ ಬಂದ ಹಾಗೆ ಬದಲಾಯಿಸುವಂತಿಲ್ಲ. ಗುರಾಣಿಯೊಳಗೆ ಏನಿರಬೇಕು ಅನ್ನುವುದು ಅವರವರ ಮನಸ್ಸಿಗೆ ಬಿಟ್ಟದ್ದು.

ರಾಜರಿಗಾದರೆ ಸರಿ. ದೇವರ ಕೆಲಸ ಮಾಡೋರಿಗೆ ಲಾಂಛನ ಯಾಕೆ?

ಇದು ಶುರುವಾದದ್ದು ಮುದ್ರೆಯಿಂದ. ನಮ್ಮಲ್ಲಿ ಬಾದಾಮಿ ಚಾಲುಕ್ಯರ ತಾಮ್ರಪಟಕ್ಕೆ ವರಾಹದ ಮುದ್ರೆ ಇರುತ್ತಿತ್ತು. ಅದನ್ನು ನೋಡಿದರೆ ಪತ್ರ ಯಾರದು ಅಂತ ಗೊತ್ತಾಗುತ್ತಿತ್ತು. ಯುರೋಪಿನಲ್ಲೂ ಹಾಗೆಯೇ. ಧರ್ಮಾಧ್ಯಕ್ಷರು ಜಮೀನಿನ ಪತ್ರ, ನೇಮಕದ ಪತ್ರ, ತೀರ್ಪು ಎಲ್ಲಕ್ಕೂ ಮೇಣದ ಮೇಲೆ ಮುದ್ರೆ ಒತ್ತಬೇಕಿತ್ತು. ಓದು ಬಾರದವರಿಗೂ ಗುರುತು ಸಿಗಬೇಕಿತ್ತು. ಯೋಧರ ಗುರಾಣಿಗಳ ಮೇಲೆ ಚಿತ್ರ ಬರೆಸುವ ರೂಢಿ 12ನೇ ಶತಮಾನದಲ್ಲಿ ಬೆಳೆಯಿತು. ಮುಂದೆ ಗುರುಗಳ ಮುದ್ರೆಗೂ ಅದೇ ಗುರಾಣಿ ಬಂತು.

ಆದರೆ ಯೋಧರು ಗುರಾಣಿಯ ಮೇಲೆ ಶಿರಸ್ತ್ರಾಣ ಬರೆಸಿಕೊಳ್ಳುತ್ತಿದ್ದರು. ಯುದ್ಧಕ್ಕೆ ಹೋಗದ ಗುರುಗಳಿಗೆ ಅದು ಹೊಂದುವುದಿಲ್ಲ ಅಲ್ವಾ? ಅದರ ಜಾಗಕ್ಕೆ ಟೋಪಿ ಬಂತು. ದೊಡ್ಡ ಮನೆತನದಿಂದ ಬಂದ ಕೆಲವರು ಮನೆತನದ ಕಿರೀಟವನ್ನೂ ಸೇರಿಸಿಕೊಳ್ಳುತ್ತಿದ್ದರು. ಪೋಪರನ್ನು ಆರಿಸುವ ಹಿರಿಯರಾದ ಕಾರ್ಡಿನಲ್‌ಗಳು ಹಾಗೆ ಮಾಡಬಾರದು ಅಂತ ಹತ್ತನೇ ಇನೊಸೆಂಟ್ ಪೋಪ್ 1644ರಲ್ಲಿ ತಡೆದರು. 1951ರಲ್ಲಿ ಹನ್ನೆರಡನೇ ಪಿಯುಸ್ ಪೋಪರ ಕಾಲದಲ್ಲಿ ಧರ್ಮಾಧ್ಯಕ್ಷರಿಗೂ ಅದು ನಿಂತಿತು. ಲಾಂಛನದಲ್ಲಿ ಕಾಣಬೇಕಾದದ್ದು ಸೇವೆ, ಮನೆತನ ಅಲ್ಲ. ಇದು ನನಗೆ ತುಂಬಾ ಹಿಡಿಸಿದ ಬದಲಾವಣೆ.

ಆ ಟೋಪಿಯನ್ನು ಯಾರಾದರೂ ನಿಜವಾಗಿ ಹಾಕ್ಕೊಳ್ತಾ ಇದ್ರಾ?

ಹೌದು. ಅದರ ಹೆಸರು ಗಲೇರೊ. ಬಿಸಿಲು ಮಳೆಯಲ್ಲಿ ದೂರ ಪ್ರಯಾಣ ಮಾಡುವವರ ಟೋಪಿ ಅದು. ಗಾಳಿಗೆ ಹಾರದಂತೆ ಗಲ್ಲದ ಕೆಳಗೆ ಕಟ್ಟಿಕೊಳ್ಳಲು ದಾರ. ದಾರದ ತುದಿ ಬಿಚ್ಚಿಹೋಗದಂತೆ ಕುಚ್ಚು.

1245ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ದೊಡ್ಡ ಸಭೆ ನಡೆಯಿತು. ಕಾರ್ಡಿನಲ್‌ಗಳಿಗೆ ಕೆಂಪು ಟೋಪಿ ಕೊಡುವುದನ್ನು ನಾಲ್ಕನೇ ಇನೊಸೆಂಟ್ ಪೋಪ್ ಶುರು ಮಾಡಿದ್ದು ಆಗಲೇ. ವಿಶ್ವಾಸಕ್ಕಾಗಿ ರಕ್ತ ಸುರಿಸಲೂ ಸಿದ್ಧ ಅನ್ನುವುದು ಆ ಕೆಂಪಿನ ಅರ್ಥ. ಕಾರ್ಡಿನಲ್ ತೀರಿಕೊಂಡಾಗ ಅವರ ಟೋಪಿಯನ್ನು ಪ್ರಧಾನಾಲಯದ, ಅಂದರೆ ಕೆಥೆಡ್ರಲ್‌ನ, ಸೂರಿಗೆ ತೂಗುಹಾಕುವ ರೂಢಿಯೂ ಬಂತು. ಧೂಳು ಹಿಡಿದು, ತಾನಾಗಿ ಲಡ್ಡಾಗಿ ಬೀಳುವವರೆಗೆ ಅದು ಅಲ್ಲೇ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಪ್ರಧಾನಾಲಯದಲ್ಲಿ ಅಂಥ ಟೋಪಿಗಳು ಈಗಲೂ ತೂಗುತ್ತಿವೆ.

1969ರಲ್ಲಿ ರೋಮ್ ಈ ಟೋಪಿ ಕೊಡುವುದನ್ನು ನಿಲ್ಲಿಸಿತು. ಈಗ ಹೊಸ ಕಾರ್ಡಿನಲ್‌ಗಳಿಗೆ ಪೋಪ್ ಕೊಡುವುದು ಚೌಕಾಕಾರದ ಕೆಂಪು ಬಿರೆಟ್ಟ ಟೋಪಿ. ತಲೆಯಿಂದ ಇಳಿದ ಗಲೇರೊ ಲಾಂಛನದಲ್ಲಿ ಮಾತ್ರ ಉಳಿದಿದೆ.

ಕುಚ್ಚು ಎಣಿಸಿದರೆ ಹುದ್ದೆ ಗೊತ್ತಾಗುತ್ತಂತೆ, ಹೌದಾ?

ಹೌದು. ಆದರೆ ಬಣ್ಣವನ್ನೂ ಜೊತೆಗೆ ನೋಡಬೇಕು. ಕುಚ್ಚುಗಳನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಬರೆಯುತ್ತಾರೆ. ಮೊದಲ ಸಾಲಿಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಮೂರು ಸಾಲಿದ್ದರೆ ಒಂದು ಕಡೆಗೆ 6. ನಾಲ್ಕು ಸಾಲಿದ್ದರೆ 10. ಐದು ಸಾಲಿದ್ದರೆ 15. ಹಾಗಾಗಿ ಒಂದೊಂದನ್ನೂ ಎಣಿಸಬೇಕಿಲ್ಲ. ಸಾಲು ಎಣಿಸಿದರೆ ಸಾಕು.

ಹಸಿರು ಟೋಪಿ, ಮೂರು ಸಾಲು: ಧರ್ಮಾಧ್ಯಕ್ಷರು, ಅಂದರೆ ಬಿಷಪ್. ಹಸಿರು ಟೋಪಿ, ನಾಲ್ಕು ಸಾಲು: ಮಹಾಧರ್ಮಾಧ್ಯಕ್ಷರು, ಅಂದರೆ ಆರ್ಚ್‌ಬಿಷಪ್. ಹಸಿರು ಟೋಪಿ, ಐದು ಸಾಲು: ಪೇಟ್ರಿಯಾರ್ಕ್ ಅನ್ನುವ ಬಿರುದಿರುವ ಹಿರಿಯ ಧರ್ಮಾಧ್ಯಕ್ಷರು. ಕೆಂಪು ಟೋಪಿ, ಐದು ಸಾಲು: ಕಾರ್ಡಿನಲ್.

ಈ ಲೆಕ್ಕ ಮೊದಲಿನಿಂದ ಇದ್ದದ್ದಲ್ಲ. ಹಳೆಯ ಸಮಾಧಿಗಳ ಮೇಲೆ ಕಾರ್ಡಿನಲ್‌ಗಳಿಗೂ ಕೆಲವೇ ಕುಚ್ಚು ಕಾಣುತ್ತವೆ. ಕೆತ್ತುವವರು ಜಾಗಕ್ಕೆ ತಕ್ಕಂತೆ ಕೆತ್ತುತ್ತಿದ್ದರು. ಕಾರ್ಡಿನಲ್‌ಗೆ ಒಂದು ಕಡೆಗೆ 15 ಅಂತ ಗಟ್ಟಿಯಾದದ್ದು 1832ರಲ್ಲಿ. ಆದ್ದರಿಂದ ಹಳೆಯ ಕಲ್ಲಿನ ಮೇಲೆ ಎಣಿಕೆ ತಪ್ಪಿದೆ ಅನಿಸಿದರೆ, ಮೊದಲು ಅದರ ಕಾಲ ನೋಡಿ.

ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಧರ್ಮಪ್ರಾಂತ್ಯ ಅಂದರೆ ಒಬ್ಬ ಧರ್ಮಾಧ್ಯಕ್ಷರು ನೋಡಿಕೊಳ್ಳುವ ಪ್ರದೇಶ. ಬೆಂಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾದದ್ದು 1940ರಲ್ಲಿ. ಅದು ಮಹಾಧರ್ಮಪ್ರಾಂತ್ಯ ಆದದ್ದು 1953ರಲ್ಲಿ. ಆಗ ಇಲ್ಲಿನ ಧರ್ಮಾಧ್ಯಕ್ಷರಾಗಿದ್ದ ಥಾಮಸ್ ಪೋತಕಮೂರಿ ಮೊದಲ ಮಹಾಧರ್ಮಾಧ್ಯಕ್ಷರಾದರು. ನಿಯಮದ ಲೆಕ್ಕದಲ್ಲಿ ಬೆಂಗಳೂರಿನ ಟೋಪಿಗೆ ಎರಡೂ ಕಡೆ ಸೇರಿ 12 ಕುಚ್ಚು ಹೋಗಿ 20 ಬಂದದ್ದು ಆ ವರ್ಷ.

ಬಿಷಪ್ ಹಾಕೋದು ನೇರಳೆ ಟೋಪಿ. ಲಾಂಛನದಲ್ಲಿ ಯಾಕೆ ಹಸಿರು?

ಅತಿ ಜಾಸ್ತಿ ಕೇಳುವ ಪ್ರಶ್ನೆ ಇದೇ. ಪೂಜೆಯಲ್ಲಿ ನಾವು ನೋಡುವ ಪುಟ್ಟ ನೇರಳೆ ಟೋಪಿ ಬೇರೆ, ಗಲೇರೊ ಬೇರೆ. ಧರ್ಮಾಧ್ಯಕ್ಷರ ಗಲೇರೊ ಹಸಿರು. ಈ ರೂಢಿ ಸ್ಪೇನಿನಿಂದ ಹರಡಿತು ಅನ್ನುತ್ತಾರೆ.

ಆ ಹಸಿರು ಪೂರ್ತಿ ಮಾಯವಾಗಿಲ್ಲ. ಮುಂದಿನ ಸಲ ದೊಡ್ಡ ಸಮಾರಂಭದಲ್ಲಿ ಧರ್ಮಾಧ್ಯಕ್ಷರು ನೇರಳೆ ನಿಲುವಂಗಿಯ ಮೇಲೆ ಬಿಳಿ ಮೇಲಂಗಿ ಹಾಕಿ ಕೂತಾಗ ಎದೆಯ ಶಿಲುಬೆಯನ್ನು ಗಮನಿಸಿ. ಅದು ತೂಗುವ ದಾರ ಹಸಿರು ಮತ್ತು ಚಿನ್ನದ ಬಣ್ಣದ್ದು. ಕಾರ್ಡಿನಲ್‌ಗೆ ಕೆಂಪು ಮತ್ತು ಚಿನ್ನ. ಲಾಂಛನದ ಬಣ್ಣವೇ ಅಲ್ಲಿಯೂ ಇದೆ.

## ಹುದ್ದೆಯಿಂದ ಹುದ್ದೆಗೆ

ಶಿಲುಬೆಗೆ ಕೆಲವರಿಗೆ ಒಂದು ಅಡ್ಡಪಟ್ಟಿ, ಕೆಲವರಿಗೆ ಎರಡು. ಪ್ರಿಂಟ್ ತಪ್ಪಾ?

ತಪ್ಪಲ್ಲ. ಒಂದು ಪಟ್ಟಿ ಧರ್ಮಾಧ್ಯಕ್ಷರದು, ಎರಡು ಪಟ್ಟಿ ಮಹಾಧರ್ಮಾಧ್ಯಕ್ಷರದು. ಕಾರ್ಡಿನಲ್ ಆದವರು ಮಹಾಧರ್ಮಾಧ್ಯಕ್ಷರೂ ಆಗಿದ್ದರೆ ಕೆಂಪು ಟೋಪಿಯ ಕೆಳಗೆ ಎರಡು ಪಟ್ಟಿಯ ಶಿಲುಬೆ ಬರುತ್ತದೆ. ಧರ್ಮಾಧ್ಯಕ್ಷ ದೀಕ್ಷೆ ಪಡೆಯದೆ ಕಾರ್ಡಿನಲ್ ಆದ ಗುರುಗಳೂ ಇದ್ದಾರೆ. ಅವರ ಗುರಾಣಿಯ ಹಿಂದೆ ಶಿಲುಬೆಯೇ ಇರುವುದಿಲ್ಲ.

ಒಂದು ತಪ್ಪು ಮಾತ್ರ ಪದೇ ಪದೇ ಆಗುತ್ತದೆ. ಟೋಪಿಯನ್ನು ಒಬ್ಬರ ಲಾಂಛನದಿಂದ, ಶಿಲುಬೆಯನ್ನು ಇನ್ನೊಬ್ಬರ ಲಾಂಛನದಿಂದ ಕತ್ತರಿಸಿ ಅಂಟಿಸುತ್ತಾರೆ. ಆರು ಕುಚ್ಚಿನ ಜೊತೆ ಎರಡು ಪಟ್ಟಿಯ ಶಿಲುಬೆ ಬಂದುಬಿಡುತ್ತದೆ. ನಾನು ಕೆಲಸ ಕಲಿಯುವಾಗ ಒಂದು ಪ್ರೆಸ್‌ನಲ್ಲಿ ಹೀಗೇ ಆಯಿತು. ಆಹ್ವಾನ ಪತ್ರಿಕೆ ಪೂರ್ತಿ ಅಚ್ಚಾದ ಮೇಲೆ ಒಬ್ಬ ಹಿರಿಯ ಗುರುಗಳು ನೋಡಿದರು. ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಾಗದದ ಹಿಂದೆ ಸಾಲು ಸಾಲಾಗಿ ಕುಚ್ಚು ಬರೆದು ತೋರಿಸಿದರು. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದು ಆ ಸಂಜೆ.

ಕೆಲವು ಲಾಂಛನಗಳಲ್ಲಿ ಗುರಾಣಿ ಕೆಳಗೆ ಬಿಳಿ ಪಟ್ಟಿ, ಅದರ ಮೇಲೆ ಕಪ್ಪು ಶಿಲುಬೆ ಇರುತ್ತೆ. ಅದೇನು?

ಪಾಲಿಯಂ. ಕುರಿಯ ಉಣ್ಣೆಯಿಂದ ನೇಯ್ದ ಪಟ್ಟಿ ಅದು. ಹೆಗಲ ಸುತ್ತ ಹಾಕಿಕೊಳ್ಳುತ್ತಾರೆ. ಕಳೆದುಹೋದ ಕುರಿಯನ್ನು ಹೆಗಲ ಮೇಲೆ ಹೊತ್ತು ತರುವ ಕುರುಬನ ನೆನಪು. ಅದರ ಮೇಲೆ ಆರು ಕಪ್ಪು ಶಿಲುಬೆಗಳು. ಪ್ರತಿ ವರ್ಷ ಜೂನ್ 29ರಂದು, ಸಂತ ಪೇತ್ರ ಮತ್ತು ಪೌಲರ ಹಬ್ಬದ ದಿನ, ರೋಮಿನಲ್ಲಿ ಪೋಪ್ ಹೊಸ ಪಾಲಿಯಂಗಳನ್ನು ಆಶೀರ್ವದಿಸುತ್ತಾರೆ.

ಇದು ಎಲ್ಲ ಮಹಾಧರ್ಮಾಧ್ಯಕ್ಷರಿಗೂ ಸಿಗುವುದಿಲ್ಲ. ಸುತ್ತಲಿನ ಧರ್ಮಪ್ರಾಂತ್ಯಗಳ ಗುಂಪಿಗೆ ಹಿರಿಯರಾದವರಿಗೆ, ಅಂದರೆ ಮೆಟ್ರೊಪಾಲಿಟನ್‌ಗೆ ಮಾತ್ರ. ಬೆಂಗಳೂರು ಅಂಥ ಪೀಠ. ಮೈಸೂರು, ಮಂಗಳೂರು, ಬಳ್ಳಾರಿ, ಬೆಳಗಾವಿ, ಚಿಕ್ಕಮಗಳೂರು, ಶಿವಮೊಗ್ಗ ಎಲ್ಲ ಈ ಗುಂಪಿಗೆ ಸೇರುತ್ತವೆ. ಪೋಪರ ರಾಯಭಾರಿಯಾಗಿ ಹೋಗುವವರೂ ಮಹಾಧರ್ಮಾಧ್ಯಕ್ಷರೇ. ಅವರಿಗೆ ಹತ್ತು ಕುಚ್ಚು ಇರುತ್ತದೆ, ಪಾಲಿಯಂ ಇರುವುದಿಲ್ಲ.

ಹಳೇ ಲಾಂಛನದಲ್ಲಿ ಎತ್ತರದ ಮೈಟರ್, ಬಾಗಿದ ದಂಡ ಎಲ್ಲ ಇತ್ತು. ಹೊಸದರಲ್ಲಿ ಯಾಕಿಲ್ಲ?

ಗಲೇರೊ ನಿಲ್ಲಿಸಿದ 1969ರ ಆದೇಶದಲ್ಲೇ ಇದೂ ಇತ್ತು. ಕಾರ್ಡಿನಲ್‌ಗಳು, ಧರ್ಮಾಧ್ಯಕ್ಷರು ಲಾಂಛನದಲ್ಲಿ ಮೈಟರ್, ಅಂದರೆ ಪೂಜೆಯಲ್ಲಿ ಧರಿಸುವ ಎತ್ತರದ ಶಿರೋಭೂಷಣ, ಮತ್ತು ದಂಡ ಹಾಕಬಾರದು, ಟೋಪಿ ಮತ್ತು ಶಿಲುಬೆ ಸಾಕು. ಅದಕ್ಕೂ ಮೊದಲು ಮಾಡಿದ್ದು ಹಾಗೇ ಉಳಿದಿರುತ್ತದೆ. ಅದನ್ನು ತಿದ್ದಲು ಹೋಗಬೇಡಿ. ಹೊಸದಾಗಿ ಬರೆಯುವಾಗ ಮಾತ್ರ ಹೊಸ ನಿಯಮ.

ನಮ್ಮ ಫಾದರ್‌ಗೂ ಲಾಂಛನ ಮಾಡಿಸಬಹುದಾ?

ಮಾಡಿಸಬಹುದು. ಗುರುಗಳಿಗೆ ಕಪ್ಪು ಟೋಪಿ, ಒಂದೊಂದು ಕಡೆಗೆ ಒಂದೇ ಕಪ್ಪು ಕುಚ್ಚು. ಹಿಂದೆ ಶಿಲುಬೆ ಇಲ್ಲ. ನಮ್ಮ ಕಡೆ ಇದು ಅಪರೂಪ. ಗುರುದೀಕ್ಷೆಯ ಬೆಳ್ಳಿಹಬ್ಬಕ್ಕೆ ಯಾರಾದರೂ ಕೇಳಿದಾಗ ನಾನು ಖುಷಿಯಿಂದ ಮಾಡಿಕೊಡುತ್ತೇನೆ. ಅಷ್ಟು ಸರಳವಾದ ಲಾಂಛನಕ್ಕೆ ಅದರದ್ದೇ ಚೆಲುವು ಇದೆ. ಗುರುಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್‌ಗಳಿಗೆ ಬರೆಯುವ ಕಡೆ ಕುಚ್ಚಿಲ್ಲದ ಕಪ್ಪು ಟೋಪಿ ಬರೆಯುತ್ತಾರೆ.

ಮೊನ್ಸಿಂಜೊರ್ ಅಂತಾರಲ್ಲ, ಅವರದು ಹೇಗೆ?

ಮೊನ್ಸಿಂಜೊರ್ ಅಂದರೆ ಕೆಲವು ಗುರುಗಳಿಗೆ ಪೋಪ್ ಕೊಡುವ ಗೌರವ ಬಿರುದು. ಇಲ್ಲಿ ಕುಚ್ಚಿನ ಸಂಖ್ಯೆ ಬದಲಾಗುವುದಿಲ್ಲ, ಬಣ್ಣ ಬದಲಾಗುತ್ತದೆ. ಎಲ್ಲರಿಗೂ ಒಂದು ಕಡೆಗೆ ಆರು. ಪೋಪರ ಚಾಪ್ಲಿನ್ ಅನ್ನುವ ಮೊದಲ ಮೆಟ್ಟಿಲಿನವರಿಗೆ ಕಪ್ಪು ಟೋಪಿ, ನೇರಳೆ ಕುಚ್ಚು. ಗೌರವ ಪ್ರೆಲೇಟ್‌ಗೆ ಟೋಪಿ ಕುಚ್ಚು ಎರಡೂ ನೇರಳೆ. ಎಲ್ಲಕ್ಕಿಂತ ಮೇಲಿನ ಪ್ರೊಟೊನೋಟರಿಗೆ ನೇರಳೆ ಟೋಪಿ, ಕೆಂಪು ಕುಚ್ಚು. ಧರ್ಮಪ್ರಾಂತ್ಯದ ಗುರುಗಳಿಗೆ ಈ ಗೌರವ ಸಿಗುವುದು ಈಗ ಕಡಿಮೆ. 2014ರಲ್ಲಿ ಪೋಪ್ ಫ್ರಾನ್ಸಿಸ್ ಈ ಗುರುಗಳಿಗೆ ಮೊದಲ ಮೆಟ್ಟಿಲನ್ನು ಮಾತ್ರ ಉಳಿಸಿದರು. ಅದೂ 65 ವರ್ಷ ದಾಟಿದವರಿಗೆ.

ಮಠದ ಅಧಿಪತಿಗಳಿಗೆ, ಸಿಸ್ಟರ್‌ಗಳಿಗೆ ಇದೆಯಾ?

ಅಬಾಟ್, ಅಂದರೆ ಬೆನೆಡಿಕ್ಟ್ ಸಂಘದಂಥ ಮಠಗಳ ಅಧಿಪತಿಗೆ ಇದೆ. ಕಪ್ಪು ಟೋಪಿ, ಒಂದು ಕಡೆಗೆ ಆರು ಕಪ್ಪು ಕುಚ್ಚು. ಹಿಂದೆ ಶಿಲುಬೆಯ ಬದಲು ದಂಡ. ದಂಡಕ್ಕೆ ಒಂದು ಬಿಳಿ ವಸ್ತ್ರ ಕಟ್ಟಿರುತ್ತದೆ. ಆ ವಸ್ತ್ರ ಕಂಡರೆ ಮಠದ ಲಾಂಛನ ಅಂತ ತಿಳಿಯಬಹುದು. ಸನ್ಯಾಸಿನಿಯರ ಮಠದ ಹಿರಿಯರಾದ ಅಬೆಸ್‌ಗೂ ವಸ್ತ್ರ ಕಟ್ಟಿದ ದಂಡ ಬರುತ್ತದೆ. ಅವರ ಗುರಾಣಿ ಹೆಚ್ಚಾಗಿ ವಜ್ರದ ಆಕಾರದ್ದು ಅಥವಾ ಮೊಟ್ಟೆಯಾಕಾರದ್ದು, ಸುತ್ತ ಜಪಮಾಲೆ.

ಪೋಪ್ ಲಾಂಛನದಲ್ಲಿ ಟೋಪಿನೇ ಇಲ್ವಲ್ಲ?

ಪೋಪರಿಗೆ ಕುಚ್ಚಿನ ಲೆಕ್ಕ ಇಲ್ಲ. ಅವರ ಗುರುತು ಎರಡು ಬೀಗದಕೈ. ಒಂದು ಚಿನ್ನದ್ದು, ಒಂದು ಬೆಳ್ಳಿಯದು. ಕೆಂಪು ದಾರದಿಂದ ಕಟ್ಟಿ ಗುರಾಣಿಯ ಹಿಂದೆ ಅಡ್ಡಡ್ಡ ಇಟ್ಟಿರುತ್ತಾರೆ. ಸ್ವರ್ಗರಾಜ್ಯದ ಬೀಗದಕೈಗಳನ್ನು ಪೇತ್ರನಿಗೆ ಕೊಡುತ್ತೇನೆ ಅಂತ ಯೇಸು ಹೇಳಿದ್ದು ಮತ್ತಾಯನ ಶುಭಸಂದೇಶದ 16ನೇ ಅಧ್ಯಾಯದಲ್ಲಿದೆ.

ಮೇಲೆ ಶತಮಾನಗಳ ಕಾಲ ಮೂರು ಸುತ್ತಿನ ಕಿರೀಟ ಇತ್ತು. 2005ರಲ್ಲಿ ಹದಿನಾರನೇ ಬೆನೆಡಿಕ್ಟ್ ಅದನ್ನು ತೆಗೆದು ಮೈಟರ್ ಇಟ್ಟರು. ಹಳೆಯ ಕಿರೀಟದ ನೆನಪಿಗೆ ಮೈಟರ್ ಮೇಲೆ ಮೂರು ಚಿನ್ನದ ಪಟ್ಟಿ. ಫ್ರಾನ್ಸಿಸ್, ಈಗಿನ ಹದಿನಾಲ್ಕನೇ ಲಿಯೋ ಇಬ್ಬರೂ ಅದನ್ನೇ ಉಳಿಸಿಕೊಂಡಿದ್ದಾರೆ. ಧರ್ಮಾಧ್ಯಕ್ಷರ ಲಾಂಛನದಿಂದ 1969ರಲ್ಲಿ ಇಳಿದ ಮೈಟರ್ ಪೋಪರ ಲಾಂಛನಕ್ಕೆ ಏರಿತು. ಕಿರೀಟ ಬಿಟ್ಟು ಧರ್ಮಾಧ್ಯಕ್ಷರ ಮೈಟರ್ ಹಿಡಿದದ್ದು ನನಗೆ ತುಂಬಾ ಸರಿ ಅನಿಸುತ್ತದೆ. ಪೋಪ್ ಅಂದರೆ ಮೊದಲು ರೋಮಿನ ಧರ್ಮಾಧ್ಯಕ್ಷರು.

ಶಿವಾಜಿನಗರದ ಬೆಸಿಲಿಕಕ್ಕೂ ಛತ್ರಿಗೂ ಏನು ಸಂಬಂಧ?

ನಮ್ಮೂರಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಛತ್ರ ಚಾಮರ ಅಂದರೆ ರಾಜಗೌರವ. ದಸರಾದಲ್ಲಿ ನೋಡಿದ್ದೇವೆ. ಪೋಪರಿಗೂ ಹಿಂದೆ ಛತ್ರಿ ಹಿಡಿಯುತ್ತಿದ್ದರು. ಕೆಂಪು ಹಳದಿ ಪಟ್ಟೆಯ ಛತ್ರಿ. ಅದು ಈಗ ಎರಡು ಕಡೆ ಉಳಿದಿದೆ.

ಒಂದು, ಪೋಪ್ ಇಲ್ಲದ ದಿನಗಳಲ್ಲಿ. 2025ರ ಏಪ್ರಿಲ್ 21ರಂದು ಫ್ರಾನ್ಸಿಸ್ ತೀರಿಕೊಂಡರು. ಮೇ 8ರಂದು ಲಿಯೋ ಆಯ್ಕೆಯಾದರು. ನಡುವಿನ ಆ ದಿನಗಳಲ್ಲಿ ಬೀಗದಕೈಗಳ ಮೇಲೆ ಕಿರೀಟವೂ ಇಲ್ಲ, ಮೈಟರೂ ಇಲ್ಲ. ಛತ್ರಿ ಮಾತ್ರ. ಪೀಠ ಖಾಲಿ ಇದೆ, ಆದರೆ ನೆರಳು ಇದೆ.

ಎರಡು, ಬೆಸಿಲಿಕಗಳಲ್ಲಿ. ಒಂದು ಚರ್ಚಿಗೆ ಬೆಸಿಲಿಕ ಅನ್ನುವ ಗೌರವ ಬಂದರೆ ಅದಕ್ಕೆ ರೋಮಿನ ಜೊತೆ ವಿಶೇಷ ನಂಟು ಅಂತ ಅರ್ಥ. ಅಂಥ ಚರ್ಚುಗಳ ಲಾಂಛನದಲ್ಲಿ ಗುರಾಣಿಯ ಹಿಂದೆ ಅರ್ಧ ಬಿಚ್ಚಿದ ಛತ್ರಿ ಬರೆಯಬಹುದು, ಬೀಗದಕೈಗಳನ್ನೂ ಬಳಸಬಹುದು. ಶಿವಾಜಿನಗರದ ಸೇಂಟ್ ಮೇರಿಸ್‌ಗೆ ಈ ಗೌರವ ಬಂದದ್ದು 1970ರ ದಶಕದಲ್ಲಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಬಟ್ಟೆ ಉಟ್ಟು ಬರುವ ಲಕ್ಷಾಂತರ ಜನರಿಗೆ ಅದು ಮಾತೆಯ ಮನೆ. ಯಾವ ಬೆಸಿಲಿಕಕ್ಕೆ ಹೋದರೂ ಛತ್ರಿ, ಬೀಗದಕೈ ಎಲ್ಲಿವೆ ಅಂತ ಒಮ್ಮೆ ಹುಡುಕಿ ನೋಡಿ.

## ಬೇರೆ ಸಭೆಗಳಲ್ಲಿ

ನಾವು ಸಿಎಸ್‌ಐನವರು, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರು. ನಮ್ಮ ಬಿಷಪ್‌ಗೆ ಕುಚ್ಚು ಯಾಕಿಲ್ಲ?

ಕುಚ್ಚಿನ ಟೋಪಿ ಕಥೋಲಿಕ ಸಭೆಯ ರೂಢಿ. ಇಂಗ್ಲೆಂಡಿನಲ್ಲಿ ಹುಟ್ಟಿದ ಆಂಗ್ಲಿಕನ್ ಸಭೆಯಲ್ಲಿ ಬಿಷಪ್‌ರ ಗುರಾಣಿಯ ಮೇಲೆ ಮೈಟರ್ ಇಡುತ್ತಾರೆ. ಕೆಲವೊಮ್ಮೆ ಹಿಂದೆ ದಂಡಗಳನ್ನು ಅಡ್ಡಡ್ಡ ಹಾಕುತ್ತಾರೆ. ಇಂಗ್ಲೆಂಡಿನ ಡರಂ ಬಿಷಪ್‌ರ ಮೈಟರ್ ಒಂದು ಕಿರೀಟದೊಳಗಿಂದ ಎದ್ದು ಬಂದಂತೆ ಇರುತ್ತದೆ. ಅಲ್ಲಿನ ಬಿಷಪ್‌ಗಳು ಒಂದು ಕಾಲದಲ್ಲಿ ಆ ನಾಡನ್ನು ಆಳುತ್ತಲೂ ಇದ್ದರು. 1976ರಲ್ಲಿ ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಗುರುಗಳಿಗೂ ಕಪ್ಪು ಟೋಪಿಯ ನಿಯಮ ಮಾಡಿದರು. ಡೀನ್, ಆರ್ಚ್‌ಡೀಕನ್ ಅನ್ನುವ ಹಿರಿಯ ಗುರುಗಳಿಗೆ ಒಂದು ಕಡೆಗೆ ಮೂರು ಕುಚ್ಚು, ಸಾಮಾನ್ಯ ಗುರುಗಳಿಗೆ ಒಂದು.

ಸಿಎಸ್‌ಐ 1947ರ ಸೆಪ್ಟೆಂಬರ್ 27ರಂದು ಹುಟ್ಟಿತು. ಅದರಲ್ಲಿ ಆಂಗ್ಲಿಕನ್ನರ ಜೊತೆ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಸೇರಿದರು. ಅವರಲ್ಲಿ ಹಲವರಿಗೆ ಬಿಷಪ್ ಪದ್ಧತಿಯೇ ಇರಲಿಲ್ಲ. ಹಾಗಾಗಿ ಹುದ್ದೆ ತೋರಿಸುವ ಚಿಹ್ನೆ ಅಲ್ಲ, ಎಲ್ಲರಿಗೂ ಸೇರಿದ ಒಂದು ಚಿಹ್ನೆ ಬಂತು: ತಾವರೆ ಮತ್ತು ಶಿಲುಬೆ. ಸುತ್ತ 'ಎಲ್ಲರೂ ಒಂದಾಗಿರಲಿ' ಅನ್ನುವ ಯೇಸುವಿನ ಪ್ರಾರ್ಥನೆ. ತಾವರೆ ನಮ್ಮ ಕೆರೆಗಳ ಹೂ. ನಮ್ಮ ನೆಲದ ಹೂವನ್ನು ಶಿಲುಬೆಯ ಜೊತೆ ಇಟ್ಟ ಆ ಚಿತ್ರ ನನ್ನ ಕಣ್ಣಿಗೆ ಬಹಳ ಚೆನ್ನ. ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಕಟ್ಟಿದ್ದು ಬ್ರಿಟಿಷರ ಕಾಲದಲ್ಲಿ. ಈಗ ಅದೂ ಈ ತಾವರೆಯ ಕೆಳಗೆ.

ಸಿರಿಯನ್ ಸಭೆಗಳವರದು?

ಸಿರಿಯನ್ ಸಭೆಗಳಂಥ ಪೂರ್ವದ ಸಭೆಗಳಲ್ಲಿ ಟೋಪಿಯ ಬದಲು ಗುಂಡಗಿನ ಕಿರೀಟದಂಥ ಮೈಟರ್, ಹಾವಿನ ತಲೆಗಳಿರುವ ದಂಡ, ಗುರಾಣಿಯ ಹಿಂದೆ ಹರಡಿದ ನಿಲುವಂಗಿ ಬರುತ್ತವೆ. ರೋಮಿನ ಜೊತೆ ಇರುವ ಪೂರ್ವದ ಸಭೆಗಳಲ್ಲಿ ಎರಡೂ ಬೆರೆತದ್ದನ್ನು ನೋಡಬಹುದು. ಕುಚ್ಚಿನ ಲೆಕ್ಕವನ್ನು ಅವರ ಮೇಲೆ ಹೇರಬೇಡಿ. ಅವರ ಕಚೇರಿಯಿಂದಲೇ ಚಿತ್ರ ತರಿಸಿಕೊಳ್ಳಿ.

## ಗುರಾಣಿಯ ಒಳಗೆ

ಗುರಾಣಿ ಒಳಗೆ ಏನು ಬೇಕಾದರೂ ಹಾಕಬಹುದಾ?

ಬಹುತೇಕ ಹೌದು. ಆದರೆ ಒಂದು ಹಳೆಯ ನಿಯಮ ಇದೆ. ಚಿನ್ನ ಮತ್ತು ಬೆಳ್ಳಿ, ಅಂದರೆ ಹಳದಿ ಮತ್ತು ಬಿಳಿ, ಲೋಹಗಳು. ಕೆಂಪು, ನೀಲಿ, ಹಸಿರು, ಕಪ್ಪು, ನೇರಳೆ ಬಣ್ಣಗಳು. ಲೋಹದ ಮೇಲೆ ಬಣ್ಣ ಇಡಿ, ಬಣ್ಣದ ಮೇಲೆ ಲೋಹ ಇಡಿ. ಬಣ್ಣದ ಮೇಲೆ ಬಣ್ಣ ಬೇಡ, ಲೋಹದ ಮೇಲೆ ಲೋಹ ಬೇಡ. ಕಾರಣ ಸರಳ, ದೂರದಿಂದ ಕಾಣಬೇಕು. ನಮ್ಮ ಕನ್ನಡ ಬಾವುಟದ ಹಳದಿ ಕೆಂಪು ಎಷ್ಟು ದೂರದಿಂದ ಎದ್ದು ಕಾಣುತ್ತೆ ನೋಡಿ. ಈ ನಿಯಮ ಮುರಿದ ಹೆಸರಾಂತ ಲಾಂಛನವೂ ಇದೆ. ಜೆರುಸಲೇಮ್ ರಾಜ್ಯದ್ದು, ಬೆಳ್ಳಿಯ ಮೇಲೆ ಚಿನ್ನದ ಶಿಲುಬೆ.

ಎರಡನೇ ಮಾತು ನನ್ನದು: ಕಡಿಮೆ ಇಡಿ. ನಮ್ಮ ಕಡೆ ಗುರಾಣಿಯೊಳಗೆ ಬೈಬಲ್, ದೀಪ, ಪಾರಿವಾಳ, ಬೆಟ್ಟ, ನದಿ, ತೆಂಗಿನ ಮರ, ಭಾರತದ ನಕ್ಷೆ ಎಲ್ಲ ತುಂಬಿಸಲು ಹೊರಡುತ್ತಾರೆ. ಉಂಗುರದ ಮುದ್ರೆಯ ಅಳತೆಗೆ ಇಳಿಸಿದರೆ ಏನೂ ಕಾಣುವುದಿಲ್ಲ. ಎರಡನೇ ಜಾನ್ ಪಾಲ್ 1986ರಲ್ಲಿ ಮಂಗಳೂರಿಗೆ ಬಂದಿದ್ದರು. ಅವರ ಗುರಾಣಿಯಲ್ಲಿ ಇದ್ದದ್ದು ಎರಡೇ. ನೀಲಿಯ ಮೇಲೆ ಒಂದು ಚಿನ್ನದ ಶಿಲುಬೆ, ಅದೂ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿದದ್ದು. ಸರಿದ ಜಾಗದಲ್ಲಿ, ಶಿಲುಬೆಯ ಕೆಳಗೆ, ಮರಿಯಾ ಹೆಸರಿನ ಮೊದಲ ಅಕ್ಷರ. ಮಗನ ಶಿಲುಬೆಯ ಬುಡದಲ್ಲಿ ನಿಂತ ತಾಯಿ. ಇಷ್ಟೇ ಚಿತ್ರ. ನೋಡಿದರೆ ಎದೆ ತುಂಬಿ ಬರುತ್ತದೆ.

ಪೋಪ್ ಫ್ರಾನ್ಸಿಸ್ ಅವರ ಗುರಾಣಿಯಲ್ಲಿ ಅವರು ಸೇರಿದ್ದ ಯೇಸುಸಭೆಯ, ಅಂದರೆ ಜೆಸುಯಿಟರ, ಸೂರ್ಯ, ಮರಿಯಮ್ಮನಿಗೆ ಒಂದು ನಕ್ಷತ್ರ, ಸಂತ ಜೋಸೆಫರಿಗೆ ನಾರ್ದೊ ಹೂ. 2013ರಲ್ಲಿ ಮೊದಲು ಬಿಡಿಸಿದಾಗ ಆ ಹೂ ದ್ರಾಕ್ಷಿ ಗೊಂಚಲಿನಂತೆ ಕಾಣುತ್ತಿತ್ತು. ನಕ್ಷತ್ರಕ್ಕೆ ಐದು ಮೊನೆ ಇತ್ತು. ಆಮೇಲೆ ತಿದ್ದಿ ಎಂಟು ಮೊನೆ ಮಾಡಿದರು. ರೋಮಿನಲ್ಲೂ ತಿದ್ದುಪಡಿ ಆಗುತ್ತದೆ ಅನ್ನುವುದು ನನ್ನಂಥವರಿಗೆ ಧೈರ್ಯ. ಅಂದಹಾಗೆ, ಸ್ಪ್ಯಾನಿಷ್ ಮಾತಾಡುವವರು ನಾರ್ದೊ ಅನ್ನುವುದು ನಮ್ಮ ಸುಗಂಧರಾಜ ಹೂವಿಗೆ. ಕೆ.ಆರ್. ಮಾರುಕಟ್ಟೆಯಲ್ಲಿ ರಾಶಿ ಹಾಕಿರುತ್ತಾರಲ್ಲ, ಅದೇ.

ಹದಿನಾಲ್ಕನೇ ಲಿಯೋ ಅವರದು ಎರಡು ಭಾಗ. ನೀಲಿಯ ಮೇಲೆ ಬಿಳಿ ಲಿಲ್ಲಿ ಹೂ, ಅದು ಮರಿಯಮ್ಮನಿಗೆ. ಇನ್ನೊಂದು ಭಾಗದಲ್ಲಿ ಪುಸ್ತಕದ ಮೇಲೆ ಬಾಣ ಚುಚ್ಚಿದ ಹೃದಯ. ಅದು ಅವರ ಅಗಸ್ಟೀನ್ ಸಭೆಯ ಗುರುತು.

ಕೆಲವರ ಗುರಾಣಿ ಉದ್ದಕ್ಕೆ ಎರಡು ಪಾಲಾಗಿರುತ್ತೆ, ಯಾಕೆ?

ಒಂದು ಪಾಲು ಧರ್ಮಪ್ರಾಂತ್ಯದ್ದು, ಇನ್ನೊಂದು ಪಾಲು ಅವರ ಸ್ವಂತದ್ದು. ಧರ್ಮಪ್ರಾಂತ್ಯಕ್ಕೆ ಹಿರಿಯ ಜಾಗ, ಅಂದರೆ ಬಲಗಡೆ. ಇಲ್ಲಿ ಎಲ್ಲರೂ ಎಡವುತ್ತಾರೆ. ಲಾಂಛನದಲ್ಲಿ ಬಲ ಎಂದರೆ ಗುರಾಣಿ ಹಿಡಿದವನ ಬಲ. ಎದುರು ನಿಂತು ನೋಡುವ ನಮಗೆ ಅದು ಎಡ. ದೇವರ ಮೂರ್ತಿಯ ಬಲಗೈ ನಮಗೆ ಎಡಕ್ಕೆ ಕಾಣುತ್ತದಲ್ಲ, ಹಾಗೆ. ಸಹಾಯಕ ಧರ್ಮಾಧ್ಯಕ್ಷರಿಗೆ ಪೀಠ ಬೇರೆ ಇಲ್ಲವಾದ್ದರಿಂದ ಅವರ ಗುರಾಣಿ ಪೂರ್ತಿ ಸ್ವಂತದ್ದೇ. ಕುಚ್ಚು ಮಾತ್ರ ಅವರಿಗೂ ಆರು.

ಧ್ಯೇಯವಾಕ್ಯ ಲ್ಯಾಟಿನ್‌ನಲ್ಲೇ ಇರಬೇಕಾ? ಕನ್ನಡದಲ್ಲಿ ಇದ್ದರೆ?

ಕನ್ನಡದಲ್ಲಿ ಧಾರಾಳವಾಗಿ ಇರಬಹುದು. ಲ್ಯಾಟಿನ್ ರೂಢಿ, ನಿಯಮ ಅಲ್ಲ. ಎರಡನೇ ಜಾನ್ ಪಾಲ್ ಅವರದು 'ತೋತುಸ್ ತೂಉಸ್', 'ನಾನು ಪೂರ್ತಿ ನಿನ್ನವನು' ಅಂತ. ಲಿಯೋ ಅವರ ವಾಕ್ಯದ ಅರ್ಥ 'ಆ ಒಬ್ಬನಲ್ಲಿ ನಾವು ಒಂದು'. ಎಷ್ಟು ಚಿಕ್ಕವು ನೋಡಿ. ಕನ್ನಡದಲ್ಲಿ ಮೂರು ನಾಲ್ಕು ಪದಕ್ಕೆ ನಿಲ್ಲಿಸಿ. ಬೈಬಲಿನ ಇಡೀ ವಚನ ಹಾಕಿದರೆ ಪಟ್ಟಿ ಗುರಾಣಿಗಿಂತ ಉದ್ದವಾಗುತ್ತದೆ. ಒತ್ತಕ್ಷರಕ್ಕೆ ಪಟ್ಟಿಯ ಕೆಳಗೆ ಜಾಗ ಬಿಡುವುದನ್ನು ಮರೆಯಬೇಡಿ.

ಇದಕ್ಕೆ ಯಾರಾದರೂ ಮಂಜೂರಾತಿ ಕೊಡಬೇಕಾ? ಕಾನೂನಿನ ತೊಂದರೆ ಏನಾದರೂ?

ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಲಾಂಛನ ಮಂಜೂರು ಮಾಡುವ ಕಚೇರಿಗಳಿವೆ. ನಮ್ಮಲ್ಲಿ ವ್ಯಕ್ತಿಗಳ ಲಾಂಛನಕ್ಕೆ ಅಂಥದ್ದಿಲ್ಲ. ಧರ್ಮಾಧ್ಯಕ್ಷರು ತಮ್ಮ ಗುರಾಣಿಯನ್ನು ತಾವೇ ಆರಿಸಿಕೊಳ್ಳುತ್ತಾರೆ. ಆದರೆ ಅಶೋಕ ಸ್ತಂಭದ ಸಿಂಹಗಳನ್ನು ಗುರಾಣಿಯೊಳಗೆ ಹಾಕಬೇಡಿ. ರಾಷ್ಟ್ರಲಾಂಛನದ ದುರ್ಬಳಕೆ ತಡೆಯಲು 2005ರ ಕಾಯ್ದೆ ಇದೆ. ರಾಜ್ಯ ಸರ್ಕಾರದ ಗಂಡಭೇರುಂಡದ ಲಾಂಛನವನ್ನೂ ಹಾಗೇ ಎತ್ತಿಕೊಳ್ಳಬೇಡಿ. ಕರ್ನಾಟಕ ತೋರಿಸಬೇಕೆಂದರೆ ಕಾವೇರಿ ಇದೆ, ರಾಗಿ ತೆನೆ ಇದೆ, ಶ್ರೀಗಂಧ ಇದೆ. ಬಿಳಿಯ ಮೇಲೆ ಒಂದು ರಾಗಿ ತೆನೆ ಬರೆಯುವ ಅವಕಾಶ ಸಿಗಲಿ ಅಂತ ನಾನು ವರ್ಷಗಳಿಂದ ಕಾಯುತ್ತಿದ್ದೇನೆ.

## ಪ್ರೆಸ್‌ನವರ ಪ್ರಶ್ನೆಗಳು

ದೊಡ್ಡ ಹುದ್ದೆ ಬಂದರೆ, ನಿವೃತ್ತಿ ಆದರೆ, ಲಾಂಛನ ಹೊಸದಾಗಿ ಮಾಡಬೇಕಾ?

ಟೋಪಿ ಬದಲಾಗುತ್ತದೆ. ಗುರಾಣಿಯ ಸ್ವಂತ ಪಾಲು ಸಾಮಾನ್ಯವಾಗಿ ಉಳಿಯುತ್ತದೆ. ಡಿ. ಸೈಮನ್ ಲೂರ್ದುಸ್ವಾಮಿ 1968ರಿಂದ 1971ರವರೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರು. ಆಗ ನಿಯಮದ ಪ್ರಕಾರ ಹಸಿರು ಟೋಪಿ, ಹತ್ತು ಕುಚ್ಚು. 1985ರಲ್ಲಿ ಅವರು ಕಾರ್ಡಿನಲ್ ಆದರು. ಆಗ ಕೆಂಪು ಟೋಪಿ, ಹದಿನೈದು ಕುಚ್ಚು. ನಿವೃತ್ತಿಯಾದವರ ಕುಚ್ಚು ಕಡಿಮೆಯಾಗುವುದಿಲ್ಲ. ಗುರಾಣಿಯಲ್ಲಿ ಧರ್ಮಪ್ರಾಂತ್ಯದ ಪಾಲಿದ್ದರೆ ಅದನ್ನು ಮಾತ್ರ ತೆಗೆದು ಸ್ವಂತದ್ದನ್ನು ಉಳಿಸಬೇಕು.

ಗೋವಾದ ಮಹಾಧರ್ಮಾಧ್ಯಕ್ಷರಿಗೆ ಪೂರ್ವ ಇಂಡೀಸ್‌ನ ಪೇಟ್ರಿಯಾರ್ಕ್ ಅನ್ನುವ ಬಿರುದೂ ಇದೆ. ಹಾಗಾಗಿ ಅಲ್ಲಿ ಹದಿನೈದು ಹಸಿರು ಕುಚ್ಚು ಬರುತ್ತದೆ. 2022ರಲ್ಲಿ ಅಲ್ಲಿನ ಫಿಲಿಪ್ ನೇರಿ ಫೆರಾವೊ ಕಾರ್ಡಿನಲ್ ಆದಾಗ ಸಂಖ್ಯೆ ಬದಲಾಗಬೇಕಿರಲಿಲ್ಲ, ಬಣ್ಣ ಬದಲಾದರೆ ಸಾಕಿತ್ತು.

ಸುತ್ತೋಲೆ ಝೆರಾಕ್ಸ್ ಮಾಡಿದರೆ ಎಲ್ಲ ಕಪ್ಪು ಬಿಳುಪು. ಟೋಪಿ ಹಸಿರಾ, ಕೆಂಪಾ, ಹೇಗೆ ಗೊತ್ತಾಗಬೇಕು?

ಇದಕ್ಕೆ ಚೆಂದದ ಉಪಾಯ ಇದೆ. ಅದನ್ನು ಹರಡಿದವರು ಇಟಲಿಯ ಒಬ್ಬ ಯೇಸುಸಭೆಯ ಗುರು, ಸಿಲ್ವೆಸ್ತ್ರೊ ಪಿಯೆತ್ರಾ ಸಾಂತ. 1638ರಲ್ಲಿ ಅವರು ಬಣ್ಣಗಳಿಗೆ ಗೆರೆಗಳ ಗುರುತು ಕೊಟ್ಟರು. ಕೆಂಪಿಗೆ ನೆಟ್ಟನೆ ಗೆರೆ. ನೀಲಿಗೆ ಅಡ್ಡ ಗೆರೆ. ಹಸಿರಿಗೆ, ನಮ್ಮ ಕಣ್ಣಿಗೆ ಎಡ ಮೇಲಿನಿಂದ ಬಲ ಕೆಳಕ್ಕೆ ಇಳಿಯುವ ಓರೆ ಗೆರೆ. ನೇರಳೆಗೆ ಅದರ ತಿರುವುಮುರುವು. ಕಪ್ಪಿಗೆ ನೆಟ್ಟನೆ ಅಡ್ಡ ಎರಡೂ ಸೇರಿದ ಜಾಲರಿ. ಚಿನ್ನಕ್ಕೆ ಚುಕ್ಕಿ. ಬೆಳ್ಳಿ ಖಾಲಿ.

ನಮ್ಮ ಅಕ್ಕ ತಂಗಿಯರು ರಂಗೋಲಿಗೆ ಬಣ್ಣ ತುಂಬುವ ಮೊದಲು ಗೆರೆಯಲ್ಲೇ ಎಲ್ಲ ಹೇಳಿರುತ್ತಾರಲ್ಲ, ಅದೇ ಜಾಣತನ. ಧರ್ಮಾಧ್ಯಕ್ಷರ ಕಚೇರಿಗೆ ಲಾಂಛನ ಮಾಡಿಕೊಡುವಾಗ ನಾನು ಎರಡು ಫೈಲ್ ಕೊಡುತ್ತೇನೆ. ಒಂದು ಬಣ್ಣದ್ದು, ಒಂದು ಗೆರೆಯದು. ರಬ್ಬರ್ ಸ್ಟಾಂಪಿಗೆ, ಝೆರಾಕ್ಸಿಗೆ, ಕಲ್ಲಿನಲ್ಲಿ ಕೆತ್ತಿಸಲು ಎರಡನೆಯದನ್ನು ಬಳಸಿ. ಅಚ್ಚಿಗೆ ಕೊಡುವ ಮೊದಲು ಲಾಂಛನವನ್ನು ಒಂದು ರೂಪಾಯಿ ನಾಣ್ಯದ ಅಳತೆಗೆ ಇಳಿಸಿ ಒಂದು ಪ್ರತಿ ತೆಗೆಯಿರಿ. ಓರೆ ಗೆರೆಗಳು ಕಲೆಸಿಹೋಗಿದ್ದರೆ ಗೆರೆಗಳ ನಡುವೆ ಜಾಗ ಹೆಚ್ಚಿಸಿ. ಆಮೇಲೆ ಎಡಗಡೆಯ ಕುಚ್ಚುಗಳನ್ನು ಎಣಿಸಿ, ಬಲಗಡೆಯದನ್ನೂ ಎಣಿಸಿ.